ರುಯ್‌ಫೆನ್ ಮೆತ್ತಿಟ್ಟ ನೀಲಿ ಉರಿ

ರುಯ್‌ಫೆನ್ ಮದುವೆಯಾಗಿ ಜಿನ್‌ಚೆಂಗ್ ಬೆಟ್ಟದ ಗಣಿಯೂರಿಗೆ ಬಂದ ದಿನ ಅತ್ತೆ ಮೊದಲು ತೋರಿಸಿದ್ದು ಒಲೆಯನ್ನು. ಕಲ್ಲಿದ್ದಲ ಪುಡಿಗೆ ಹಳದಿ ಮಣ್ಣು, ನೀರು ಕಲಸಿ ಕೆಂಡದ ಮೇಲೆ ಮೆತ್ತಬೇಕು. ನಡುವೆ ಸಲಾಕೆಯಿಂದ ಒಂದೇ ತೂತು ಚುಚ್ಚಬೇಕು. ಆಗ ಬೆಂಕಿ ಮಲಗುತ್ತದೆ, ಸಾಯುವುದಿಲ್ಲ.

"ಗಂಡ ಕೆಳಗಿಳಿದಾಗ ಒಲೆ ಆರಬಾರದು ಕಣೇ. ಆರಿದ್ರೆ ಅವನಿಗೆ ಮೇಲಕ್ಕೆ ದಾರಿ ಕಾಣಲ್ಲ" ಎಂದಿದ್ದರು ಅತ್ತೆ.

ಅತ್ತೆ ಹೋದರು, ಬೆಂಕಿ ಉಳಿಯಿತು. ಮಗಳು ಹುಟ್ಟಿ, ಬೆಳೆದು, ಗಂಡನ ಮನೆ ಸೇರಿದಳು. ರುಯ್‌ಫೆನ್‌ಳ ಕೂದಲು ನರೆಯಿತು. ತೂತಿನ ಬಾಯಲ್ಲಿ ಕೆಂಪು ಮಾತ್ರ ಅಂದಿನಂತೆಯೇ ಉಸಿರಾಡುತ್ತಿತ್ತು.

ಗಂಡ ಬಾವೊತಾಂಗ್ ಇದ್ದಲು ಅಗೆಯುವವನಲ್ಲ. ಅಗೆಯುವವರಿಗಿಂತ ಮುಂದೆ ಹೋಗಿ, ಇದ್ದಲ ಗೋಡೆಗೆ ಉದ್ದುದ್ದ ತೂತು ಕೊರೆದು, ಒಳಗಿನ ಗ್ಯಾಸನ್ನು ಕೊಳವೆಯಲ್ಲಿ ಹೊರಗೆಳೆಯುವವನು. ಎಳೆಯದಿದ್ದರೆ ಒಂದು ಕಿಡಿಗೆ ಎಲ್ಲರೂ ಹೋದಂತೆ.

"ಗೋಡೆಗೆ ಕಿವಿಯಿಟ್ರೆ ಕೇಳ್ಸುತ್ತೆ. ಎಲ್ಲೋ ದೂರದಲ್ಲಿ ಗಂಜಿ ಕುದೀತಿರೋ ಹಾಗೆ" ಎನ್ನುತ್ತಿದ್ದ. ಅದನ್ನು ಕೇಳಿದ ಮೇಲೆ ರುಯ್‌ಫೆನ್‌ಳ ಕನಸಿನಲ್ಲಿ ಬೆಟ್ಟ ದೊಡ್ಡ ಗಡಿಗೆಯಾಗುತ್ತಿತ್ತು. ಅದರ ತಳದಲ್ಲಿ ಅವನು ಸಣ್ಣ ದೀಪವಾಗಿ ನಡೆಯುತ್ತಿದ್ದ.

ಆಕಾಶಕ್ಕೆ ಬಿಡುತ್ತಿದ್ದ ಆ ಗ್ಯಾಸು ಕೊನೆಗೊಂದು ವರ್ಷ ಹಳದಿ ಕೊಳವೆಯಲ್ಲಿ ಮನೆಮನೆಗೆ ಬಂತು. ಇದ್ದಲೊಲೆ ಕೀಳಲೇಬೇಕೆಂದು ಆಜ್ಞೆಯಾಯಿತು. ಪಕ್ಕದ ಮನೆಯ ಹಾವ್ ಅಜ್ಜಿ ಬೇಲಿಯಾಚೆಯಿಂದ ಕೆಣಕಿದಳು.

"ಏನೇ, ಇನ್ನೂ ಮಸಿ ಮೂತಿ? ನಮ್ಮನೆಗೆ ಬಂದು ನೋಡು, ಬೆರಳಲ್ಲಿ ತಿರುಗಿಸಿದ್ರೆ ಬೆಂಕಿ!"

"ತಿರುಗಿಸಿದ್ರೆ ಬರೋದು, ತಿರುಗಿಸಿದ್ರೆ ಹೋಗೋದು. ಅಂಥಾ ನೆಂಟರು ನಂಗೆ ಬೇಡಜ್ಜಿ."

ಒಲೆ ಕೀಳುವವರು ಬಂದಾಗ ಬಾವೊತಾಂಗ್ ಕೆಳಗಿದ್ದ. ಅವಳು ಜೋಳದ ದಂಟನ್ನು ಹಳೇ ಕೆಂಡಕ್ಕೆ ಹಿಡಿದು, ಆ ಉರಿಯನ್ನು ಅಂಗೈ ಮರೆಯಲ್ಲಿ ತಂದು ಹೊಸ ಗ್ಯಾಸ್ ಒಲೆಗೆ ದಾಟಿಸಿದಳು. ನೀಲಿ ಹೂವು ಅರಳಿತು. ನವಣೆ ಗಂಜಿ ಬೇಯಿಸಿದಳು. ಆಮೇಲೆ ಎಂದಿನಂತೆ ಇದ್ದಲ ಪುಡಿ ಕಲಸಿ ಉರಿಯ ಸುತ್ತ ಮೆತ್ತಿ, ಒಂದು ತೂತು ಚುಚ್ಚಿ, ಅದನ್ನೇ ನೋಡುತ್ತ ಕೂತಳು.

ಸಂಜೆ ಬಾವೊತಾಂಗ್ ಹೊಸ್ತಿಲಲ್ಲೇ ನಿಂತು ಗಾಳಿ ಮೂಸಿದ. ಒಲೆ ನೋಡಿದವನೇ ಓಡಿಬಂದು ಕಿಟಕಿ ತೆರೆದ.

"ಏನೇ ಮಾಡಿದೀಯ?"

"ಮುಚ್ಚಿಟ್ಟಿದೀನಿ. ನೀವು ಕೆಳಗಿದ್ರಲ್ಲ."

ತೂತಿನಿಂದ ಕಿರುಬೆರಳಷ್ಟು ನೀಲಿ ಉರಿ ಇಣುಕುತ್ತಿತ್ತು. ಅವನಿಗೆ ನಗು ಬಂತು. ನಕ್ಕೂ ನಕ್ಕೂ, ಇದ್ದಲ ಗೆರೆ ಹಿಡಿದ ಕಣ್ಣು ಒದ್ದೆಯಾಯಿತು.

"ನಾನು ದಿನಾ ಮಾಡೋದೂ ಇದನ್ನೇ ಕಣೇ. ಗೋಡೆ ಕೊರೆದು ಕೊಳವೆ ಇಟ್ಟು, ಸುತ್ತ ಮೆತ್ತಿ, ಒಂದೇ ಬಾಯಿ ಬಿಡ್ತೀನಿ. ಆದ್ರೆ ಇಲ್ಲಿ ಮೆತ್ತಬೇಡ. ಉರಿ ಆರಿ ಮನೇಲಿ ಗ್ಯಾಸ್ ತುಂಬಿದ್ರೆ ನಾನು ಮೇಲೆ ಬಂದು ಏನುಪಯೋಗ? ನೀನೇ ಇರಲ್ಲ."

ಇಷ್ಟು ವರ್ಷ ಅವನ ಜೀವಕ್ಕಾಗಿಯೇ ಹೆದರಿದ್ದವಳಿಗೆ, ತನ್ನ ಜೀವಕ್ಕಾಗಿಯೂ ಯಾರಾದರೂ ಹೆದರಬಹುದು ಎಂಬುದು ಹೊಸದಾಗಿತ್ತು.

"ತಿರುಗಿಸು" ಎಂದ, ಒಲೆಯ ಗುಂಡಿ ತೋರಿಸಿ.

ಕಣ್ಣುಮುಚ್ಚಿ ತಿರುಗಿಸಿದಳು. ಉರಿ ಹೋಯಿತು. ಕಣ್ಣು ಬಿಟ್ಟರೆ ಅವನು ಎದುರಿಗೇ ಇದ್ದ.

"ಇವತ್ತು ಮೇಲಿದೀರಿ. ನಾಳೆ?"

ಅವನು ಅವಳ ಅಂಗೈಯನ್ನು ಗೋಡೆಯ ಹಳದಿ ಕೊಳವೆಯ ಮೇಲಿಟ್ಟ. "ಇದು ಆರಿಲ್ಲ, ಒಳಗೆ ನಿನಗಾಗಿ ಕಾಯ್ತಿದೆ. ನಾನು ಕೊರೆದ ತೂತಿಂದ ನಿನ್ನ ಕೈವರೆಗೂ ಒಂದೇ ಎಳೆ."

ಮರುದಿನ ಅವನು ಗಣಿಗೆ ಹೋದ ಮೇಲೆ ಅವಳೇ ಒಲೆ ಆರಿಸಿದಳು. ಕೊಳವೆಯ ಮೇಲೆ ಅಂಗೈಯಿಟ್ಟು ನಿಂತಳು. ತಣ್ಣಗಿತ್ತು. ನಿಂತೇ ಇದ್ದಳು. ಅಂಗೈಯಡಿ, ಎಲ್ಲೋ ದೂರದಲ್ಲಿ, ಗಂಜಿ ಕುದಿಯತೊಡಗಿತು. ಆ ಕೈ ತೆಗೆಯದೆ, ಇನ್ನೊಂದು ಕೈ ಚಾಚಿ, ಅವನ ಬಟ್ಟಲನ್ನು ಸಂಜೆಗೆಂದು ಒರೆಸಿಟ್ಟಳು.