ಸಾಸಿವೆ ಎಣ್ಣೆ ಮತ್ತು ಕೆಂಪು ಪೆನ್ನು

ರಿಟೈರಾದ ಅಧಿಕಾರಿಯ ಕೈಗೆ ಕೆಂಪು ಪೆನ್ನು ಸಿಕ್ಕರೆ ಏನಾಗುತ್ತದೆ? ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ.

ದೆಹಲಿಯ ದ್ವಾರಕಾದಲ್ಲಿರುವ ನಮ್ಮ ಸೊಸೈಟಿಯ ಕ್ಲಬ್ ರೂಮಿನಲ್ಲಿ ಭಾನುವಾರ ನಾನು ಕನ್ನಡ ಕ್ಲಾಸು ನಡೆಸುವುದು ನಿಮಗೆ ಗೊತ್ತೇ ಇದೆ. ಈಚೆಗೊಂದು ವಾರ ನನಗೆ ಜ್ವರ. ಕ್ಲಾಸನ್ನು ನಮ್ಮ ಯಜಮಾನರು ವಹಿಸಿಕೊಂಡರು. ಸರ್ವಿಸ್ ಪೂರ್ತಿ ಸರ್ಕಾರಿ ಕಚೇರಿಯಲ್ಲಿ ಬೇರೆಯವರ ಡ್ರಾಫ್ಟ್ ತಿದ್ದಿದವರು. (ನನ್ನ ದಿನಸಿ ಚೀಟಿಯನ್ನೂ ಬಿಟ್ಟವರಲ್ಲ.)

ಕ್ಲಾಸಿನಲ್ಲಿ ಹರ್‌ಪ್ರೀತ್ ಇದ್ದಾಳೆ. ಕರೋಲ್ ಬಾಗ್‌ನಲ್ಲಿ ಬೆಳೆದ ಪಂಜಾಬಿ ಹುಡುಗಿ, ದಾವಣಗೆರೆಯ ಸೊಸೆ. ಅತ್ತೆಯ ಅರವತ್ತನೇ ಹುಟ್ಟುಹಬ್ಬದಲ್ಲಿ, ನೆಂಟರೆಲ್ಲರ ಎದುರು, ತಾನೇ ಕನ್ನಡದಲ್ಲಿ ಬರೆದದ್ದನ್ನು ಓದಬೇಕೆಂದು ಅವಳ ಹಟ. ಬರೆದೂ ಬಿಟ್ಟಿದ್ದಳು. ನನಗೆ ವಾಟ್ಸಾಪ್ ಮಾಡಿದ್ದಳು:

“ಅತ್ತೆ ದೆಹಲಿಗೆ ಬಂತು. ಅಡಿಗೆಮನೆ ನೋಡಿತು. ಸಾಸಿವೆ ಎಣ್ಣೆ ಮೂಸಿತು. ನಾನು ಹೆದರಿತು. ಇದು ತಿನ್ನೋದಲ್ಲ, ತಲೆಗೆ ಹಚ್ಚೋದು ಹೇಳಿತು. ನನ್ನ ತಲೆಗೆ ಹಚ್ಚಿತು. ನಾನು ಅತ್ತೆ ಕಾಲ ಹತ್ತಿರ ನಿದ್ದೆ ಮಾಡಿತು.”

ಜ್ವರದಲ್ಲೂ ಬಿದ್ದು ಬಿದ್ದು ನಕ್ಕೆ. ಆಮೇಲೆ ಯಾಕೋ ಕಣ್ಣು ಒದ್ದೆಯಾಯಿತು.

ನಮ್ಮವರು ನಗಲಿಲ್ಲ. ಅವಳು ಕ್ಲಾಸಿಗೆ ತಂದ ಹಾಳೆಯ ಒಂದೊಂದು ಸಾಲಿಗೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ “ಪರಿಷ್ಕರಿಸಿ ಮರುಮಂಡಿಸಿ” ಎಂದು ಬರೆದು, ಕೆಳಗೆ ಸಹಿಯನ್ನೂ ಹಾಕಿಬಿಟ್ಟಿದ್ದರು!

ಮುಂದಿನ ಭಾನುವಾರ ಜ್ವರ ಬಿಟ್ಟು ನಾನೇ ಕ್ಲಾಸಿಗೆ ಹೋದೆ. ಹರ್‌ಪ್ರೀತ್ ಮರುಮಂಡಿಸಿದಳು: “ನನ್ನ ಅತ್ತೆಯವರು ಒಳ್ಳೆಯವರು. ಅವರಿಗೆ ಜನ್ಮದಿನದ ಶುಭಾಶಯಗಳು.” ಒಂದೂ ತಪ್ಪಿಲ್ಲ. ಅತ್ತೆಯೂ ಇಲ್ಲ.

“ಎಣ್ಣೆ ಎಲ್ಲಿ ಹೋಯ್ತೇ?”

“ಛೋಡಿಯೇ, ಬಿಡಿ ಆಂಟಿ. ಎಲ್ಲಾ ಕೆಂಪು ಆಯ್ತು. ಅಲ್ಲಿ ಎಲ್ಲರೂ ನಗ್ತಾರೆ. ಇದೂ ಬೇಡ. ಇಂಗ್ಲಿಷ್‌ನಲ್ಲಿ ಹ್ಯಾಪಿ ಬರ್ತ್‌ಡೇ ಹೇಳಿ ಕೂತ್ಕೊಳ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಆ ಕೆಂಪು ಗೆರೆಗಳ ಬಗ್ಗೆ ಅವತ್ತು ಬೆಳಿಗ್ಗೆ ಮನೆಯಲ್ಲಿ ಆದ ಜಗಳದಲ್ಲಿ ಇವರು ಹೇಳಿದ್ದೂ ಸುಳ್ಳಲ್ಲ ಅನ್ನಿ: “ತಪ್ಪನ್ನ ತಪ್ಪು ಅನ್ಬಾರ್ದೇನೇ? ಅತ್ತೆ ‘ಬಂತು’ ಅಂದ್ರೆ ದಾವಣಗೆರೆಯಲ್ಲಿ ಸುಮ್ನೆ ಬಿಡ್ತಾರಾ?” ನಿಯಮ ಬೇಕು, ಒಪ್ಪಿದೆ. ಆದರೆ ಎಲ್ಲವನ್ನೂ ಒಂದೇ ಏಟಿಗೆ ಬಡಿಸಬೇಕೇ?

ಅಷ್ಟರಲ್ಲಿ ಕ್ಲಬ್ ರೂಮಿನ ಕಿಟಕಿಯಾಚೆ ತರಕಾರಿ ಗಾಡಿ ನಿಂತಿತು. ಚೀಲ ಹಿಡಿದು ನಮ್ಮವರು ಹಾಜರು. “ಭಯ್ಯಾ, ಮೇರಾ ಬೀವಿ ಬೋಲಾ, ಕಲ್ ಕೀ ಟಮಾಟರ್ ಖರಾಬ್ ಥೀ!” (ನಿನ್ನೆಯ ಟೊಮೇಟೊ ಕೆಟ್ಟಿತ್ತೆಂದು ನಾನು ಹೇಳಿದ್ದೆ. ಹಿಂದಿಯಲ್ಲಿ ಇವರು ನನ್ನನ್ನು ಗಂಡಸು, ಟೊಮೇಟೊವನ್ನು ಹೆಂಗಸು ಮಾಡಿ ಎಷ್ಟೋ ವರ್ಷವಾಯಿತು.) ಭಯ್ಯಾ ಮುಗುಳ್ನಕ್ಕ. ಒಳ್ಳೆ ಟೊಮೇಟೊ ಆರಿಸಿ ಹಾಕಿದ. ಮೇಲೊಂದು ಹಿಡಿ ಕೊತ್ತಂಬರಿ ಸೊಪ್ಪು, ಫ್ರೀ.

ಹರ್‌ಪ್ರೀತ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. “ಆಂಟಿ, ಭಯ್ಯಾ ಅಂಕಲ್‌ಗೆ ತಿದ್ದಲ್ವಾ?”

“ತಿದ್ದಿದ್ರೆ ಇವರು ಬಾಯಿ ಬಿಡ್ತಿರಲಿಲ್ಲ. ನಾವು ಉಪವಾಸ ಬೀಳ್ತಿದ್ವಿ!”

ಅವಳ ಬ್ಯಾಗಿನಿಂದ ಆ ಹಳೆಯ ಹಾಳೆ ಹೊರಬಂತು. ನಾನು ಒಂದೇ ಒಂದು ನಿಯಮ ಹೇಳಿದೆ: ಅತ್ತೆಗೆ “ಬಂದರು”, ನಿನಗೆ “ಬಂದೆ”. ಉಳಿದದ್ದು ಆಮೇಲೆ. ತನ್ನ ಸಾಲುಗಳನ್ನು ತಾನೇ ತಿದ್ದಿಕೊಂಡಳು, ಪೆನ್ಸಿಲ್ಲಿನಲ್ಲಿ. ಎಣ್ಣೆ ಇದ್ದಲ್ಲೇ ಇತ್ತು.

ಮೊನ್ನೆ ದಾವಣಗೆರೆಯಿಂದ ಫೋನು. ಸ್ಪೀಕರ್ ಹಾಕಿದೆ. ಹಿಂದೆ ಗಲಾಟೆಯೋ ಗಲಾಟೆ. “ಆಂಟೀ, ಓದಿದೆ! ಅತ್ತೆ ನಕ್ಕಿತು, ಆಮೇಲೆ ಅತ್ತಿತು, ಇನ್ನೊಂದ್ಸಲ ಓದು ಹೇಳಿತು!”

ಖುಷಿಯಲ್ಲಿ ನಿಯಮ ಹಾರಿಹೋಗಿತ್ತು. ನಮ್ಮವರ ಕೈ ಜೇಬಿನ ಪೆನ್ನಿನತ್ತ ಹೋಯಿತು. ನಾನು ಆ ಕೈಗೆ ತರಕಾರಿ ಚೀಲ ಕೊಟ್ಟೆ.

ಭಯ್ಯಾನ ಆ ಒಂದು ಹಿಡಿ ಕೊತ್ತಂಬರಿಯಷ್ಟಾದರೂ ಔದಾರ್ಯ ನಮ್ಮ ಕೆಂಪು ಪೆನ್ನುಗಳಿಗೆ ಬೇಡವೇ?