ಮಂದಿ ಕೂಡಿಸುವ ಅಂಬುಬಾಯಿ

ಘಾಟಬೋರಾಳದಲ್ಲಿ ಯಾರ ಹೊಲದಲ್ಲಿ ಕಳೆ ಎದ್ದರೂ ಮೊದಲು ಅಂಬುಬಾಯಿಯ ಬಾಗಿಲಿಗೆ ಬರುತ್ತಿದ್ದರು. ಹೆಸರುಕಾಯಿ ಬಿಡಿಸಲಿಕ್ಕೆ, ತೊಗರಿ ಕೊಯ್ಯಲಿಕ್ಕೆ ಎಷ್ಟು ಹೆಣ್ಣಾಳು ಬೇಕು ಎಂದು ಹೇಳಿದರೆ ಸಾಕು, ಬೆಳಕು ಹರಿಯುವಷ್ಟರಲ್ಲಿ ಅಷ್ಟೂ ಜನರನ್ನು ಹೊಲದ ಬದುವಿನ ಮೇಲೆ ನಿಲ್ಲಿಸುತ್ತಿದ್ದಳು. ಬೌದ್ಧ ಧರ್ಮ ಸೇರಿದ ದಲಿತರ ಓಣಿಯವಳು, ಸ್ವಂತಕ್ಕೆ ಗೇಣು ಹೊಲವಿಲ್ಲ. ಆದರೂ ಅವಳು ಕರೆದರೆ ಎಲ್ಲ ಓಣಿಗಳಿಂದಲೂ ಹೆಂಗಸರು ಹೊರಡುತ್ತಿದ್ದರು. ಯಾರು ಬಸುರಿ, ಯಾರಿಗೆ ಸೊಂಟನೋವು ಎಂದು ನೋಡಿ ಸಾಲು ಹಂಚುವವಳು ಎಂಬ ನಂಬಿಕೆ ಅವರದು.

ಇಂಥವಳು ಪಕ್ಷದವರ ಕಣ್ಣಿಗೆ ಬೀಳದೆ ಇರುತ್ತಾಳೆಯೇ? ಹುಮನಾಬಾದಿನ ಕಾಳುಕಡಿಯ ಅಡತಿ ವ್ಯಾಪಾರಿ ಶಂಕರಲಿಂಗ ಸಾಹುಕಾರ ಪಕ್ಷದ ತಾಲೂಕು ಮುಖಂಡನೂ ಆಗಿದ್ದ. ಸಭೆಯಿದ್ದಾಗಲೆಲ್ಲ ಅವನು ಲಾರಿ ಕಳಿಸುತ್ತಿದ್ದ, ಅಂಬುಬಾಯಿ ಅದನ್ನು ತುಂಬಿಸುತ್ತಿದ್ದಳು. ಹೆಂಗಸರು ಖುಷಿಯಿಂದಲೇ ಹತ್ತುತ್ತಿದ್ದರು. ಒಂದು ದಿನ ಬಿಸಿಲಲ್ಲಿ ಬಗ್ಗುವುದು ತಪ್ಪುತ್ತಿತ್ತು, ಪೊಟ್ಟಣದಲ್ಲಿ ಪೂರಿ ಭಾಜಿ ಸಿಗುತ್ತಿತ್ತು, ದಾರಿಯುದ್ದಕ್ಕೂ ಹಾಡು. ಭಾಷಣ ಯಾರಿಗೂ ಕೇಳಿಸುತ್ತಿರಲಿಲ್ಲ. ಕೇಳಬೇಕೆಂದು ಯಾರೂ ಹೋಗುತ್ತಲೂ ಇರಲಿಲ್ಲ.

ತೊಂಬತ್ತೆಂಟರಲ್ಲಿ, ದಿಲ್ಲಿಯಲ್ಲಿ ಹೆಂಗಸರ ಮೀಸಲಾತಿಯ ಮಾತು ನಡೆದಿದ್ದ ಕಾಲಕ್ಕೆ, ಬಸವಕಲ್ಯಾಣದಲ್ಲಿ ಮಹಿಳಾ ಹಕ್ಕುಗಳ ಸಮಾವೇಶ ಎಂದು ದೊಡ್ಡ ಸಭೆ ಕರೆದರು. ವೇದಿಕೆಯ ಮೇಲೆ ಸಾಲಾಗಿ ಕುಳಿತವರೆಲ್ಲ ಗಂಡಸರು. ಹೆಂಗಸೆಂದರೆ ಒಬ್ಬಳೇ, ಸಾಹುಕಾರನ ಹೆಂಡತಿ ವಿದ್ಯಾವತಿ. ಅವಳು ಅತಿಥಿಗಳಿಗೆ ಆರತಿ ಮಾಡಿದಳು. ಆಮೇಲೆ ಕುರ್ಚಿಯಿಲ್ಲದೆ, ಖಾಲಿ ತಟ್ಟೆ ಹಿಡಿದುಕೊಂಡು ಪರದೆಯ ಪಕ್ಕದಲ್ಲಿ ನಿಂತೇ ಇದ್ದಳು.

"ಈ ಕಲ್ಯಾಣದ ನೆಲದಾಗ ಎಂಟುನೂರು ವರ್ಷದ ಹಿಂದೇ ಹೆಣ್ಮಕ್ಕಳು ಅನುಭವ ಮಂಟಪದಾಗ ಗಂಡಸರ ಸಮ ಕುಂತು ಮಾತಾಡ್ಯಾರ!" ಎಂದು ಸಾಹುಕಾರ ಮೈಕಿನಲ್ಲಿ ಗರ್ಜಿಸಿದ. ವೇದಿಕೆಯವರು ಚಪ್ಪಾಳೆ ತಟ್ಟಿದರು.

ಕೆಳಗೆ ಬಿಸಿಲಲ್ಲಿ ವಜೀರಬಿ ಅಂಬುಬಾಯಿಯ ಮೊಣಕೈ ಹಿಡಿದಳು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರೂ ಖಾಲಾ ಎಂದು ಕರೆಯುವವಳು. "ಅಂಬೂ, ಮುಂಜಾನಿಂದ ತಡಕೊಂಡೀನಿ. ಇನ್ನ ಆಗವಲ್ದು."

ಹೆಂಗಸರಿಗಾಗಿ ಕರೆದ ಸಭೆಯಲ್ಲಿ ಹೆಂಗಸರು ಹೋಗಿಬರಲು ಒಂದು ತಟ್ಟಿಯ ಮರೆಯನ್ನೂ ಕಟ್ಟಿರಲಿಲ್ಲ. ಹೆಂಗಸರ ಸುತ್ತ ಕಟ್ಟಿದ್ದ ಹಗ್ಗದ ಹತ್ತಿರ ನಿಂತಿದ್ದ ಕಾರ್ಯಕರ್ತ ಹೊರಗೆ ಬಿಡಲಿಲ್ಲ. "ಸಾವ್ಕಾರ್ರ ಭಾಷಣ ಮುಗಿಲಿ. ನಡುವ ಎದ್ರ ಜಾಗಾ ಖಾಲಿ ಕಾಣ್ತದ," ಎಂದು ನಕ್ಕ. ಹೆಣ್ಣಿನ ಮಾನದ ಬಗ್ಗೆ ಮೇಲೆ ಮಾತು ಸಾಗಿದ್ದಾಗಲೇ ಕೆಳಗೆ ವಜೀರಬಿಯ ಸೀರೆ ಒದ್ದೆಯಾಯಿತು. ಮುದುಕಿ ಕಣ್ಣು ಮುಚ್ಚಿಕೊಂಡಳು. ಸುತ್ತಲಿನ ಹೆಂಗಸರು ಅವಳಿಗೆ ಒತ್ತಿಕೊಂಡು ಕುಳಿತು, ಸೆರಗು ಹರಡಿ ಮರೆಮಾಡಿದರು.

ಅಂಬುಬಾಯಿ ಹಗ್ಗ ದಾಟಿ ವೇದಿಕೆಯ ಮೆಟ್ಟಿಲು ಹತ್ತಿದಳು. "ಸಾವ್ಕಾರ್ರೇ, ನಂದೂ ಒಂದ್ ಮಾತ ಅದ."

ಅವನು ಮೈಕನ್ನು ಅಂಗೈಯಿಂದ ಮುಚ್ಚಿ ಅವಳತ್ತ ಬಾಗಿದ. ಮುಖದ ಮೇಲಿನ ನಗು ಹಾಗೆಯೇ ಇತ್ತು, ಬಾಯಿಂದ ಜರ್ದಾದ ನಾತ ಹೊಡೆಯುತ್ತಿತ್ತು. "ಕೆಳಗ ಹೋಗಿ ಕುಂದ್ರು. ಮಂದಿ ನೋಡ್ಲಾಕತ್ತಾರ."

ತಿರುಗಿ ಬರುವಾಗ ಲಾರಿಯಲ್ಲಿ ಯಾರೂ ಹಾಡಲಿಲ್ಲ. ವಜೀರಬಿ ಮೂಲೆಯಲ್ಲಿ ಹಲಗೆಗೆ ಮುಖ ಮಾಡಿ ಕುಳಿತಿದ್ದಳು. "ಇನ್ನ ಮ್ಯಾಲ ನನ್ಗ ಕರಿಬ್ಯಾಡವಾ," ಎಂದಳು. ಅಂಬುಬಾಯಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಇವರನ್ನೆಲ್ಲ ಲಾರಿಗೆ ಹತ್ತಿಸಿದ್ದು ತಾನೇ ಅಲ್ಲವೇ?

ಎರಡು ಸಾವಿರದ ಇಸವಿಯಲ್ಲಿ ತಾಲೂಕು ಪಂಚಾಯಿತಿಯ ಚುನಾವಣೆ ಬಂತು. ಅವರ ಕ್ಷೇತ್ರ ಮಹಿಳೆಗೆ ಮೀಸಲಾಯಿತು. ಅಂಬುಬಾಯಿ ಹೆಂಗಸರನ್ನು ಕಟ್ಟಿಕೊಂಡು ಹುಮನಾಬಾದಿಗೆ ಓಡಾಡತೊಡಗಿದಳು. ಲಾರಿಯಲ್ಲಲ್ಲ, ತಮ್ಮ ಖರ್ಚಿನಲ್ಲಿ ಬಸ್ಸಿನಲ್ಲಿ. ಕೂಲಿ ಮಾಡುವ ಹೆಂಗಸರಲ್ಲಿ ಒಬ್ಬಳಿಗೆ ಟಿಕೆಟ್ ಕೊಡಿ. ಯಾರಿಗಾದರೂ ಕೊಡಿ, ನಮ್ಮವಳಾಗಿರಲಿ. ಅವರು ಕೇಳಿದ್ದು ಇಷ್ಟೇ. ಸಾಹುಕಾರ ಪ್ರತಿ ಸಲವೂ ಪಡಸಾಲೆಯಲ್ಲಿ ಕೂಡಿಸಿ ಚಹಾ ಕುಡಿಸಿ, "ನಿಮ್ಮಾಕಿನೇ ಆಗ್ಬೇಕು, ನನ್ನ ಮನಸಿನಾಗೂ ಅದೇ ಅದ," ಎನ್ನುತ್ತಿದ್ದ. ಬಸವಕಲ್ಯಾಣಕ್ಕೆ ಮೇಲಿನ ನಾಯಕರೊಬ್ಬರು ಬಂದಾಗ ಅಲ್ಲಿಗೂ ಹೋದರು. ಆ ನಾಯಕರು ಕಾರಿನ ಗಾಜನ್ನು ಅರ್ಧ ಇಳಿಸಿ, ನಿಮ್ಮ ತಾಲೂಕಿನವರನ್ನೇ ಕೇಳಿ ಎಂದು ಹೇಳಿ ಗಾಜು ಏರಿಸಿದರು.

ಟಿಕೆಟ್ ವಿದ್ಯಾವತಿಗೆ ಹೋಯಿತು.

ಸುದ್ದಿ ಕೇಳಿ ಅಂಬುಬಾಯಿ ನೇರವಾಗಿ ಸಾಹುಕಾರನ ಮನೆಯ ಹಿತ್ತಲಿಗೆ ಹೋದಳು. ವಿದ್ಯಾವತಿ ಹಪ್ಪಳ ಒಣಹಾಕುತ್ತಿದ್ದಳು. "ನಿಮ್ಗ ಬೇಕಿತ್ತೇನ್ರಿ ಅಕ್ಕಾ, ಈ ಸೀಟ?" ಎಂದು ಅಂಬುಬಾಯಿ ಕೇಳಿದಳು.

"ನನ್ಗ ಯಾರ್ ಕೇಳ್ಯಾರವಾ? ಕಾಗದ ತಂದು ಸಹಿ ಮಾಡಂದ್ರು, ಮಾಡ್ದೆ." ವಿದ್ಯಾವತಿ ತಲೆ ಎತ್ತಲಿಲ್ಲ. ಬೈಯಬೇಕೆಂದು ಬಂದ ಅಂಬುಬಾಯಿ ಅವಳನ್ನು ಬಿಟ್ಟು ಪಡಸಾಲೆಗೆ ನಡೆದಳು.

ಪಡಸಾಲೆಯಲ್ಲಿ ಸಾಹುಕಾರ ಅವಳಿಗೆಂದೇ ಸೀರೆಯ ಗಂಟು ತೆಗೆದಿಟ್ಟಿದ್ದ. ಎಲ್ಲವೂ ಒಂದೇ ಬಣ್ಣದವು, ನುಸಿಗುಳಿಗೆಯ ವಾಸನೆ ಹೊಡೆಯುವಂಥವು. "ಪ್ರಚಾರಕ್ಕ ನಿನ್ನ ಹೆಣ್ಮಕ್ಕಳು ಇವನ್ನ ಉಟ್ಕೊಂಡು ಬರ್ಲಿ. ಸಾಲಾಗಿ ನಿಂತ್ರ ಚಂದ ಕಾಣ್ತದ."

"ಟಿಕೆಟ್ ಕೇಳಿದ್ವಿ, ಸೀರಿ ಕೇಳಿಲ್ರಿ."

"ಅಲ್ಲಾ ಅಂಬು, ಸಿಟ್ಟ್ಯಾಕ? ಕಳೆ ಕೀಳೋರಿಗಿ ಮೀಟಿಂಗಿನಾಗ ಏನ್ ತಿಳಿತದ, ನೀನೇ ಹೇಳು." ಪಕ್ಕದಲ್ಲಿ ಕುಳಿತವರು ನಕ್ಕರು. ಒಬ್ಬ ಕಿಟಕಿಯಿಂದಾಚೆ ಪಿಚಕ್ಕನೆ ಉಗುಳಿ ಮತ್ತೆ ನಕ್ಕ.

ಅವನ ಚಹಾ ಕುಡಿದ ದಿನಗಳೆಲ್ಲ ನೆನಪಾಗಿ ಅಂಬುಬಾಯಿಗೆ ಹೇಸಿಗೆಯಾಯಿತು. ಗಂಟನ್ನು ಕಾಲಿನಿಂದ ಸರಿಸಿ ಎದ್ದು ಬಂದಳು. ಆ ಚುನಾವಣೆಯಲ್ಲಿ ಘಾಟಬೋರಾಳದಿಂದ ಒಂದು ಲಾರಿಯೂ ತುಂಬಲಿಲ್ಲ. ಆದರೇನು? ಬೇರೆ ಊರುಗಳಿದ್ದವು, ಮಂದಿ ಕೂಡಿಸುವವರು ಬೇರೆಯವರೂ ಇದ್ದರು. ವಿದ್ಯಾವತಿ ಗೆದ್ದಳು, ಕೊರಳಿಗೆ ಹಾರ ಹಾಕಿಸಿಕೊಂಡವನು ಸಾಹುಕಾರ.

ಅಂದಿನಿಂದ ಅಂಬುಬಾಯಿ ಯಾರ ಹತ್ತಿರವೂ ಟಿಕೆಟ್ ಕೇಳಲಿಲ್ಲ. ಎರಡು ಸಾವಿರದ ಐದರಲ್ಲಿ ಗ್ರಾಮ ಪಂಚಾಯಿತಿಗೆ ತಾನೇ ನಿಂತಳು. ಕಳೆ ಕೀಳುವ ಹೆಂಗಸರು ಮನೆಮನೆ ತಿರುಗಿದರು. ವಜೀರಬಿ ಕೋಲೂರಿಕೊಂಡು ತನ್ನ ಓಣಿಯಲ್ಲಿ ಒಂದು ಬಾಗಿಲನ್ನೂ ಬಿಡಲಿಲ್ಲ. ಅಂಬುಬಾಯಿ ಗೆದ್ದಳು.

ಇನ್ನು ಹೇಸುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದಳು. ಒಂದು ದಿನ ಹುಮನಾಬಾದಿನಲ್ಲಿ ಬಸ್ಸಿಳಿದು ಹೋಟೆಲಿನ ಮುಂದೆ ಹಾಯುವಾಗ ಒಳಗಿಂದ ಯಾರೋ, "ಮೆಂಬರ್ ಸಾಬ್ರಿಗಿ ಇನ್ನೊಂದ್ ಪ್ಲೇಟ್ ಭಜಿ ಕೊಡು," ಎಂದದ್ದು ಕೇಳಿತು. ಇಣುಕಿ ನೋಡಿದಳು. ಅವಳ ಗಂಡ ದೇವಿಂದ್ರಪ್ಪ ಹೊಸ ಬಿಳಿ ಅಂಗಿ ತೊಟ್ಟು ಚರಂಡಿ ಗುತ್ತೇದಾರನ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಜೀವಮಾನದಲ್ಲಿ ಒಬ್ಬರಿಗೂ ಎದುರು ಮಾತಾಡದ ಪಾಪದ ಮನುಷ್ಯ ಅವನು.

"ಮೆಂಬರ್ ಯಾರ್ರಿ ಇಲ್ಲಿ?" ಎಂದಳು.

ದೇವಿಂದ್ರಪ್ಪ ಹಲ್ಲು ಕಿರಿದ. "ನಿಂದು ನಂದು ಬ್ಯಾರೆ ಏನು? ಸಹಿ ನೀ ಮಾಡಿದ್ರಾತು, ಮಾತ್ ನಾ ಮುಗಿಸೀನಿ."

ಆ ನಗು ಸಾಹುಕಾರನ ನಗುವಿನಂತೆಯೇ ಇತ್ತು. ಎಲ್ಲಿ ಕಲಿತ, ಯಾವಾಗ ಕಲಿತ? ಸಾಹುಕಾರನ ಪಡಸಾಲೆಯಲ್ಲಿ ಆದದ್ದಕ್ಕಿಂತ ದೊಡ್ಡ ಹೇಸಿಗೆಯಾಯಿತು. ಅಲ್ಲಿಂದ ಎದ್ದು ಬರಬಹುದಿತ್ತು. ಇವನ ಜೊತೆ ಒಂದೇ ಸೂರಿನಡಿ ಮಲಗಬೇಕು. "ನೀವು ಮುಗಿಸಿದ ಮಾತಿಗಿ ನಾ ಸಹಿ ಮಾಡಂಗಿಲ್ರಿ," ಎಂದು ಎಲ್ಲರೆದುರು ಹೇಳಿ ನಡೆದಳು.

ಮುಂದಿನ ಸಭೆಯಲ್ಲಿ ಅವಳು ಒಂದು ಠರಾವು ಮಂಡಿಸಿದಳು. ಸದಸ್ಯೆಯರ ಗಂಡಂದಿರ ಮಾತಿನ ಮೇಲೆ ಪಂಚಾಯಿತಿ ಯಾವ ಕೆಲಸವನ್ನೂ ಕೊಡಬಾರದು. ಹೆಸರು ಹಿಡಿದು ಹೇಳುವುದಾದರೆ ದೇವಿಂದ್ರಪ್ಪನ ಮಾತಿನ ಮೇಲೂ ಕೊಡಬಾರದು. ಕಾರ್ಯದರ್ಶಿ ಪೆನ್ನು ಕೆಳಗಿಟ್ಟ. ಗಂಡಸರು ನಕ್ಕರು. ಉಳಿದ ಸದಸ್ಯೆಯರು ಕಿಟಕಿಯ ಹೊರಗೆ ನಿಂತಿದ್ದ ತಮ್ಮ ಗಂಡಂದಿರ ಮುಖ ನೋಡಿದರು. ಎದ್ದದ್ದು ಅವಳದೊಂದೇ ಕೈ. ಮುಂದಿನ ಸಭೆಯಲ್ಲಿ ಮತ್ತೆ ಮಂಡಿಸಿದಳು, ಅದರ ಮುಂದಿನದರಲ್ಲೂ. ಮನೆಯಲ್ಲಿ ದೇವಿಂದ್ರಪ್ಪ ಮಾತು ಬಿಟ್ಟ. ಅವಳು ರೊಟ್ಟಿ ಬಡಿದಿಟ್ಟು ಸಭೆಗೆ ಹೋಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಭೆಯಲ್ಲಿ ಸೂಗಮ್ಮ ಎಂಬ ಸದಸ್ಯೆ ಕೈ ಎತ್ತಿದಳು. ಊರ ದೊಡ್ಡ ಹಿಡುವಳಿದಾರರ ಸೊಸೆ. ಕಿಟಕಿಯ ಹೊರಗೆ ಅವಳ ಗಂಡ ಕೆಮ್ಮಿದ. ಅವಳು ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದು ಅತ್ತ ನೋಡದೆ ಕೈಯನ್ನು ಹಾಗೆಯೇ ಹಿಡಿದಳು. ಅವಳನ್ನು ನೋಡಿ ಮಿಕ್ಕ ಹೆಂಗಸರೂ ಎತ್ತಿದರು. ನಾಚಿಕೆಗೋ ಏನೋ ಇಬ್ಬರು ಗಂಡಸರೂ ಎತ್ತಿದರು. ಠರಾವು ಪಾಸಾಯಿತು.

ಹೊರಗೆ ಬಂದಾಗ ಸೂಗಮ್ಮ ಅಂಬುಬಾಯಿಯ ಪಕ್ಕಕ್ಕೆ ಬಂದಳು. "ಮನಿಗಿ ಹೋದ್ರ ಏನಾಗ್ತದೋ ಗೊತ್ತಿಲ್ಲ, ಅಂಬುಬಾಯಿ."

"ನಡೀರಿ, ನಾನೂ ಬರ್ತೀನಿ."

ತನ್ನ ಓಣಿಯ ತಿರುವು ಬಂದರೂ ಅಂಬುಬಾಯಿ ನಿಲ್ಲದೆ ಸೂಗಮ್ಮನ ಜೊತೆ ಅವರ ವಾಡೆಯಂಥ ದೊಡ್ಡ ಮನೆಯವರೆಗೂ ಹೋದಳು. ಆ ಮನೆಯ ಬಾಗಿಲ ಮುಂದಿನ ಕಟ್ಟೆಯ ಮೇಲೆ ಅಂಬುಬಾಯಿಯ ಓಣಿಯವರು ಯಾರೂ ಎಂದೂ ಕುಳಿತವರಲ್ಲ. ಸೂಗಮ್ಮ ಒಳಗೆ ಹೋದ ಮೇಲೆ ಅಂಬುಬಾಯಿ ಆ ಕಟ್ಟೆಯ ಮೇಲೆಯೇ ಕಾಲು ಮಡಚಿ ಕುಳಿತಳು. ಒಳಗಿಂದ ಬೈಗುಳ ಕೇಳುತ್ತಿತ್ತು, ಬಾಗಿಲಿಗೆ ಯಾರೋ ಎರಡು ಸಲ ಬಂದು ದುರುಗುಟ್ಟಿ ನೋಡಿ ಹೋದರು. ಅವಳು ಏಳಲಿಲ್ಲ.