ನೂರ ನಾಲ್ಕು ಕಿಲೋ ಭಾವಮೈದ, ಹತ್ತು ಕೂಲಂಬ್ ಚಾರ್ಜ್

ಕಳೆದ ಭಾನುವಾರ ಬೆಳಿಗ್ಗೆ ನನ್ನ ಭಾವಮೈದ ಸದಾನಂದ ಗುರುವಾಯನಕೆರೆಯಿಂದ ಮೂಡುಬಿದಿರೆಯ ನಮ್ಮ ಮನೆಗೆ ಬಂದ. ಚಹಾ ಮುಟ್ಟಲಿಲ್ಲ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಒಳಗೆ ಹೋಗುವುದನ್ನೇ ಕಾದು, ದನಿ ತಗ್ಗಿಸಿ ಕೇಳಿದ.

"ಭಾವ, ಮೈಗೆ ಚಾರ್ಜ್ ತುಂಬಿಸಿದ್ರೆ ಮನುಷ್ಯ ಗಾಳಿಯಲ್ಲಿ ಮೇಲೆ ಏಳ್ತಾನಂತೆ. ಹೌದಾ?"

ಅವನದು ಇನ್ವರ್ಟರ್, ಬ್ಯಾಟರಿ ಮಾರುವ ಅಂಗಡಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು. (ಅಷ್ಟೂ ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಇಷ್ಟು ಕಳವಳದಿಂದ ಪ್ರಶ್ನೆ ಕೇಳಿದ್ದಿಲ್ಲ.) ಯಾಕೆ ಬೇಕಿತ್ತು ಎಂದು ವಿಚಾರಿಸಿದೆ.

ನಾಲ್ಕನೇ ವಯಸ್ಸಿನಲ್ಲಿ ಅವನಿಗೆ ಜ್ವರ ಬಂದು ಹತ್ತು ದಿನ ಇಳಿದಿರಲಿಲ್ಲ. ಮಗ ಉಳಿದರೆ ವೇಣೂರು ಹತ್ತಿರದ ದೇವಸ್ಥಾನದಲ್ಲಿ ಬಾಳೆಹಣ್ಣಿನ ತುಲಾಭಾರ ಎಂದು ಅತ್ತೆ ಹರಕೆ ಹೊತ್ತರು. ಆಗ ಅವನ ತೂಕ ಹನ್ನೆರಡು ಕಿಲೋ. ಜ್ವರ ಇಳಿಯಿತು. ಹರಕೆ ಮುಂದಿನ ವರ್ಷಕ್ಕೆ ಹೋಯಿತು, ಅಲ್ಲಿಂದ ಅದರ ಮುಂದಿನ ವರ್ಷಕ್ಕೆ. ಹರಕೆ ಬಾಕಿ ಇಟ್ಟರೆ ಬೆಳೆಯುತ್ತದೆ ಅನ್ನುತ್ತಾರಲ್ಲ, ಇದು ಕಿಲೋ ಲೆಕ್ಕದಲ್ಲಿ ಬೆಳೆಯಿತು. ಈಗ ಅವನ ವಯಸ್ಸು ಐವತ್ತೆರಡು, ತೂಕ ನೂರ ನಾಲ್ಕು. ಅತ್ತೆಗೆ ಎಂಬತ್ತಾರು. ತಾನು ಕಣ್ಣು ಮುಚ್ಚುವ ಮೊದಲು ಆಗಲೇಬೇಕೆಂದು ಶುಕ್ರವಾರಕ್ಕೆ ಗೊತ್ತು ಮಾಡಿಸಿಬಿಟ್ಟಿದ್ದರು.

ಬಾಳೆಹಣ್ಣಿನ ಚಿಂತೆ ಅವನಿಗಿರಲಿಲ್ಲ. ನೆಂಟರು, ಗಿರಾಕಿಗಳು ಎಲ್ಲ ನೋಡುತ್ತಿರುವಾಗ ತಾನು ಕೂತ ತಟ್ಟೆ ಏಳದಿದ್ದರೆ? ಯಾರಾದರೂ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕಿದರೆ? ಹಾಗಾಗಿ ಸ್ವಲ್ಪ ಚಾರ್ಜ್.

ನಾನು ಸುಳ್ಳು ಹೇಳುವವನಲ್ಲ. ಏಳಬಹುದು ಅಂದೆ. ಭೂಮಿಯದು ನೆಗೆಟಿವ್ ಚಾರ್ಜ್. ನಮಗೂ ಅದನ್ನೇ ತುಂಬಿಸಿದರೆ ಅದು ನಮ್ಮನ್ನು ಮೇಲಕ್ಕೆ ದೂಡುತ್ತದೆ. ಮದುವೆ ಕಾಗದವೊಂದರ ಹಿಂದೆ ಲೆಕ್ಕ ಹಾಕಿದೆ. ಅವನ ತೂಕಕ್ಕೆ ಸುಮಾರು ಹತ್ತು ಕೂಲಂಬ್ ಚಾರ್ಜ್ ಬೇಕು. ಅವನ ಮುಖ ಅರಳಿತು. ಅಷ್ಟನ್ನು ಅವನ ಬ್ಯಾಟರಿ ಒಂದೇ ಸೆಕೆಂಡಿನಲ್ಲಿ ಹರಿಸುತ್ತದಂತೆ.

ಹರಿಸುವುದು ಬೇರೆ, ಮೈಯಲ್ಲಿ ನಿಲ್ಲಿಸುವುದು ಬೇರೆ ಎಂದೆ. ಒಂದೇ ಬಗೆಯ ಚಾರ್ಜ್‌ಗಳಿಗೆ ಒಂದರ ಮುಖ ಇನ್ನೊಂದಕ್ಕೆ ಆಗುವುದಿಲ್ಲ (ನಮ್ಮ ಬೀದಿಯ ಸಮಿತಿಯವರ ಹಾಗೆ). ಅಷ್ಟು ತುಂಬುವ ಮೊದಲೇ ಕಿಡಿ ಹಾರಿ ಸೋರಿಹೋಗುತ್ತದೆ. ಹೇಗೋ ತುಂಬಿದರೂ ಮನುಷ್ಯ ಏಳುವ ಮೊದಲೇ ಸಿಡಿದು ಚೂರಾಗುತ್ತಾನೆ.

"ಅರ್ಧ ಮಾತ್ರ ತುಂಬಿಸುವ, ಭಾವ," ಅಂದ. "ಐವತ್ತು ಕಿಲೋ ಕಮ್ಮಿ ಆದ್ರೂ ಸಾಕು."

ಅರ್ಧ ತುಂಬಿದರೂ ಪೂರ್ತಿ ಸಿಡಿಯುತ್ತೀ ಮಾರಾಯ ಎಂದೆ. ಚಹಾ ಕುಡಿಯದೆಯೇ ಹೋದ.

ಶುಕ್ರವಾರ ಸದಾನಂದ ತಕ್ಕಡಿಯಲ್ಲಿ ಕೂತ. ತಟ್ಟೆ ನೆಲಕ್ಕೆ ಅಂಟಿತು. ಇನ್ನೊಂದು ತಟ್ಟೆಗೆ ಗೊನೆಯ ಮೇಲೆ ಗೊನೆ ಇಟ್ಟರು. ಪಿಕಪ್‌ನಲ್ಲಿ ತಂದದ್ದೆಲ್ಲ ಮುಗಿಯಿತು. ಅವನು ಅಲುಗಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಕಣ್ಣು ಮುಚ್ಚಿ ಸರಪಳಿ ಹಿಡಿದ ಅವನ ಕಿವಿ ಕೆಂಪಾದದ್ದು ಕಂಡು ನನಗೆ ಸಂಕಟವಾಯಿತು. ಇಬ್ಬರು ಓಡಿಹೋಗಿ ಹೊರಗಿನ ಅಂಗಡಿಯಿಂದ ಇನ್ನೆರಡು ಗೊನೆ ತಂದರು.

ಅವನ ತಟ್ಟೆ ಮೆಲ್ಲ ಎದ್ದಿತು.

ಅತ್ತೆ ಕುರ್ಚಿಯಿಂದ ಎದ್ದು, ನನ್ನ ಕೈ ಹಿಡಿದು ಹತ್ತಿರ ಹೋದರು. ಮಗನ ಹಣೆ ಮುಟ್ಟಿ ನೋಡಿದರು.

"ಈಗ ಜ್ವರ ಇಲ್ಲ," ಅಂದರು.

ನಲವತ್ತೆಂಟು ವರ್ಷ ಅವರು ಆ ಜ್ವರವನ್ನು ಹೊತ್ತುಕೊಂಡೇ ಇದ್ದರೆಂದು ನನಗೆ ಹೊಳೆದದ್ದು ಆಗ. ಸದಾನಂದ ಚಿಕ್ಕ ಮಗುವಿನಂತೆ ಅತ್ತ. ನೂರ ನಾಲ್ಕು ಕಿಲೋ, ನೆಲದಿಂದ ಅರ್ಧ ಅಡಿ ಮೇಲೆ, ಸಿಡಿಯದೆ.

ನನ್ನ ಲೆಕ್ಕದಲ್ಲಿ ಬಾಳೆಹಣ್ಣೇ ಇರಲಿಲ್ಲ.